ಒಂದು ಕಟ್ಟು ಕೊತ್ತಂಬರಿ ಸೊಪ್ಪು

ಮೊನ್ನೆ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಗೆ ಕೂತಿದ್ದ ಮಹಿಳೆ ಬಹಳ ಸಂತೋಷದಲ್ಲಿದ್ದರು. ಅವರ ಮಗ ಒಂಬತ್ತನೇ ಕ್ಲಾಸಂತೆ. "ನಮ್ಮ ಹುಡುಗ ಗಾಡಿ ಎಷ್ಟು ಚೆನ್ನಾಗಿ ಓಡಿಸ್ತಾನೆ ಗೊತ್ತಾ ನಿಮಗೆ? ನಾನೀಗ ಬಂದಿದ್ದೂ ಅವನ ಹಿಂದೆ ಕೂತ್ಕೊಂಡೇ. ಯಾರೂ ಕಲಿಸಲಿಲ್ಲ ಕಣ್ರೀ, ತಾನೇ ಕಲಿತ" ಎಂದರು. ಸುತ್ತ ಕೂತವರೆಲ್ಲ ಮೆಚ್ಚಿ ತಲೆದೂಗಿದರು. "ಈಗಿನ ಮಕ್ಕಳು ಹೊಟ್ಟೆಯಲ್ಲೇ ಎಲ್ಲ ಕಲಿತು ಬರ್ತಾವೆ ಬಿಡಿ" ಎಂದರು ಎದುರು ಪಂಕ್ತಿಯವರೊಬ್ಬರು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ತುಪ್ಪದ ಕಡೆ ತಿರುಗಿತು.

ನಾನು ಸುಮ್ಮನಿದ್ದೆ. ಶುಭಕಾರ್ಯದ ಮನೆಯಲ್ಲಿ ಕೆಟ್ಟ ಮಾತು ಆಡಬಾರದೆಂಬ ಸಂಕೋಚ. ಆದರೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದರೆ ಇದೇ ಮಾತನ್ನು ಇದೇ ಹೆಮ್ಮೆಯಿಂದ ಒಂದು ಕಾಲದಲ್ಲಿ ನಾನೂ ಆಡಿದ್ದೆ. ಅಂದು ಪಂಕ್ತಿಯಲ್ಲಿ ನುಂಗಿಕೊಂಡದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಆ ತಾಯಿ ಓದಿದರೆ ಬೇಸರ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ. ಅವರ ಮಗ ನೆಟ್ಟಗಿರಲಿ.

ಈ "ತಾನೇ ಕಲಿತ" ಎನ್ನುವ ಮಾತನ್ನೇ ಸ್ವಲ್ಪ ನೋಡೋಣ. ಮಗಳಿಗೆ ಸಂಗೀತ ಕಲಿಸಬೇಕೆಂದರೆ ಊರಿಗೆಲ್ಲ ಒಳ್ಳೆಯ ಮೇಷ್ಟ್ರು ಯಾರೆಂದು ನಾಲ್ಕು ಮನೆ ವಿಚಾರಿಸುತ್ತೇವೆ. ಗಣಿತಕ್ಕೆ ಬೇರೆ ಟ್ಯೂಷನ್, ವಿಜ್ಞಾನಕ್ಕೆ ಬೇರೆ ಟ್ಯೂಷನ್. ಈಜಲು ಕಳಿಸುವಾಗ ಸೊಂಟಕ್ಕೆ ಏನಾದರೂ ಕಟ್ಟಿದ್ದಾರೋ ಇಲ್ಲವೋ ಎಂದು ದಡದಲ್ಲಿ ನಿಂತು ನೋಡುತ್ತೇವೆ. ಅಷ್ಟೇಕೆ, ಮನೆಯ ಕುಕ್ಕರ್ ಮುಚ್ಚುವುದನ್ನು ಕೂಡ ಪಕ್ಕದಲ್ಲಿ ನಿಂತು ಹೇಳಿಕೊಡುತ್ತೇವೆ. ಸೀಟಿ ಸಿಕ್ಕಿಕೊಂಡಿದೆಯೇ ನೋಡು, ಆವಿ ಪೂರ್ತಿ ಹೋಗುವ ತನಕ ತೆಗೆಯಬೇಡ ಎಂದು ಹತ್ತು ಸಲ ಎಚ್ಚರಿಸುತ್ತೇವೆ. ಆದರೆ ನೂರು ಕಿಲೋಗೂ ಮಿಕ್ಕಿ ತೂಗುವ, ಕೈ ತಿರುವಿದರೆ ಗಂಟೆಗೆ 60 ಕಿಲೋಮೀಟರ್ ಓಡುವ ಯಂತ್ರಕ್ಕೆ ಮಾತ್ರ ಗುರು ಬೇಡ, ಪಾಠ ಬೇಡ. ಅದನ್ನು ಹುಡುಗ ತಾನೇ ಕಲಿಯುತ್ತಾನೆ. ಕಲಿತದ್ದೇ ಅವನ ಜಾಣತನ.

ಹುಡುಗಿಯಾದರೆ ಬೇರೆ ನ್ಯಾಯ. ಹದಿನೆಂಟು ತುಂಬಿದ ಮೇಲೂ "ಈಗಲೇ ಬೇಡಮ್ಮ" ಎನ್ನುತ್ತೇವೆ. ಕೊನೆಗೆ ಒಪ್ಪಿದರೆ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಕರೆದುಕೊಂಡು ಹೋಗಿ ಅಪ್ಪ ಹಿಂದೆ ಹಿಂದೆ ಓಡುತ್ತಾರೆ. ಎಲ್‌ಎಲ್‌ಆರ್ ಬರುವ ತನಕ ರಸ್ತೆಗೆ ಬಿಡುವುದಿಲ್ಲ. ಸಂಜೆ ಕತ್ತಲಾಗುವ ಮುಂಚೆ ಗಾಡಿ ಮನೆಗೆ ಬಂದಿರಬೇಕು. ಈ ಭೇದಭಾವದ ಬಗ್ಗೆ ನನಗೆ ಸಿಟ್ಟಿದೆ, ಆದರೆ ಒಂದು ಮಾತು ಒಪ್ಪಬೇಕು. ಮಗಳ ಬಗ್ಗೆ ಇಟ್ಟುಕೊಂಡ ಆ ಭಯದ ಅರ್ಧವನ್ನು ಮಗನ ಬಗ್ಗೆ ಇಟ್ಟುಕೊಂಡಿದ್ದರೆ ಎಷ್ಟೋ ಮನೆಗಳ ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಹುಡುಗರ ಫೋಟೋ ಇರುತ್ತಿರಲಿಲ್ಲ. ನಮ್ಮ ದೇಶದ ರಸ್ತೆಗಳಲ್ಲಿ ಸಾಯುವವರಲ್ಲಿ ಬಹುಪಾಲು ಗಂಡಸರೇ.

ಇನ್ನು ನನ್ನ ಕಥೆ. ಇದನ್ನು ಬರೆಯುತ್ತೇನೆಂದು ಹೇಳಿದಾಗ ನಮ್ಮವರು ಸ್ವಲ್ಪ ಹೊತ್ತು ಪೇಪರಿನಿಂದ ತಲೆಯೆತ್ತಲಿಲ್ಲ. ಆಮೇಲೆ "ಬರಿ" ಎಂದರು. ಮಗನನ್ನೂ ಕೇಳಿದೆ. ಅವನು "ನಿಜವಾದ್ದನ್ನೇ ಬರಿಯಮ್ಮ" ಎಂದ.

2014ರ ಜುಲೈ ತಿಂಗಳು. ನಾವು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮನೆಯಲ್ಲೊಂದು ಗೇರಿಲ್ಲದ ಸ್ಕೂಟರ್ ಇತ್ತು. ನಾನು ಕಲಿಯಲಿ ಎಂದು ನಮ್ಮವರು ನನ್ನ ಹೆಸರಿನಲ್ಲೇ ತಂದದ್ದು. ಎರಡು ದಿನ ಹತ್ತಿ ಮೂರನೇ ದಿನ ಬಿದ್ದು ಮಂಡಿ ತರಚಿಕೊಂಡ ಮೇಲೆ ನಾನದರ ಸಹವಾಸ ಬಿಟ್ಟಿದ್ದೆ. ಮಗ ಮೊದಲನೇ ಪಿಯುಸಿ, ಹದಿನಾರು ವರ್ಷ. ಗೆಳೆಯರ ಜೊತೆ ಸೇರಿ ಒಂದು ವಾರದಲ್ಲಿ ಓಡಿಸುವುದು ಕಲಿತುಬಿಟ್ಟ. ನನಗೋ ಅರಸೊತ್ತಿಗೆ ಸಿಕ್ಕಷ್ಟು ಹಿಗ್ಗು! ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ, ಗಿರಣಿಯಿಂದ ಹಿಟ್ಟು ತರಲು, ಗಾಂಧಿ ಬಜಾರಿಗೆ ಬಿಟ್ಟುಬರಲು ಯಾರನ್ನೂ ಕಾಯಬೇಕಾಗಿರಲಿಲ್ಲ. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ. ನನಗಂತೂ ಅವನು ಗಾಡಿ ಓಡಿಸುವ ಭಂಗಿಯೇ ಮುದ್ದು.

ಅಂದು ನಾದಿನಿ ಬಂದಿದ್ದಳು. ಸಂಜೆ ಆರೂವರೆ, ಸಣ್ಣಗೆ ಜಡಿಮಳೆ. ಸಾರು ಕುದಿಯುತ್ತಿತ್ತು, ಕೊತ್ತಂಬರಿ ಸೊಪ್ಪಿರಲಿಲ್ಲ. ಅಂಗಡಿಗೆ ನಡೆದು ಹೋದರೆ ಹತ್ತು ನಿಮಿಷದ ದಾರಿ. "ಗಾಡಿ ತಗೊಂಡ್ ಹೋಗೋ, ಒಗ್ಗರಣೆ ಹಾಕೋಷ್ಟರಲ್ಲಿ ಬಂದ್ಬಿಡು" ಎಂದು ನಾನೇ ಕೀ ಕೊಟ್ಟೆ. ಬೇಗ ಬಾ ಎಂದವಳೂ ನಾನೇ. ಇದನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ, ಏಕೆಂದರೆ ಮುಂದೆ ಆದದ್ದನ್ನು "ಹುಡುಗರ ಓವರ್ ಸ್ಪೀಡು" ಎಂದು ಎಲ್ಲರೂ ಹೇಳಿದರು. ಆ ಅವಸರ ಅಡುಗೆಮನೆಯಿಂದ ಹೊರಟದ್ದು.

ಬೀದಿ ಕೊನೆಯಲ್ಲಿ ಗೆಳೆಯನೊಬ್ಬ ಹಿಂದೆ ಹತ್ತಿಕೊಂಡ. ನೂರಡಿ ರಸ್ತೆಗೆ ತಿರುಗಿದ್ದೇ ತಡ, ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಸೊಂಟದಲ್ಲಿ ಬುಟ್ಟಿ ಇಟ್ಟುಕೊಂಡು ರಸ್ತೆ ದಾಟುತ್ತಿದ್ದ ಹೂವಿನಜ್ಜಿ ಎದುರಾಗಿದ್ದಾಳೆ. ಆಕೆ ನಮ್ಮ ಬೀದಿಗೆ ದಿನಾ ಬರುತ್ತಿದ್ದವಳು, ನನಗೆ ಮೊಳ ಹಾಕುವಾಗ ಒಂದು ಗೇಣು ಹೆಚ್ಚೇ ಬಿಡುತ್ತಿದ್ದವಳು. ಇವನು ಹೆದರಿ ಎಡಗೈ ಬ್ರೇಕನ್ನಷ್ಟೇ ಗಟ್ಟಿಯಾಗಿ ಹಿಡಿದಿದ್ದಾನೆ. ಹಿಂದಿನ ಚಕ್ರ ಜಾರಿ ಗಾಡಿ ಅಡ್ಡಡ್ಡ ಹೋಗಿ ಅವಳಿಗೆ ಬಡಿದಿದೆ. ಹುಡುಗರಿಬ್ಬರಿಗೂ ತರಚು ಗಾಯ. ಅಜ್ಜಿಯ ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಗೆ ಸೇರಿಸಿದ್ದು ನಾವೇ, ಖರ್ಚು ಕೊಟ್ಟದ್ದೂ ನಾವೇ. ಅಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಒಳ್ಳೆಯವರಾಗಿ ಉಳಿಯುತ್ತೇವೆ. ಆದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆ ಓಡಿಸುತ್ತಿದ್ದವರು ಯಾರು ಎಂಬುದು. ಪರಿಚಯದವರೊಬ್ಬರು ಆಸ್ಪತ್ರೆಯ ಮೆಟ್ಟಿಲ ಮೇಲೇ ಕಿವಿಯಲ್ಲಿ ಹೇಳಿದರು: "ಹುಡುಗನ ಹೆಸರು ಬೇಡ. ಲೈಸೆನ್ಸಿಲ್ಲ, ವಯಸ್ಸಿಲ್ಲ. ಇನ್ಶೂರೆನ್ಸೂ ತಲೆನೋವು, ಅವನ ಭವಿಷ್ಯಕ್ಕೂ ತೊಂದರೆ. ನೀವೇ ಓಡಿಸ್ತಿದ್ರಿ ಅಂತ ಹೇಳಿ." ನಮ್ಮವರಿಗೆ ಲೈಸೆನ್ಸ್ ಇತ್ತು. ಅವರು ಹಾಗೇ ಹೇಳಿದರು. ಕಾಗದದಲ್ಲಿ ಹಾಗೇ ಬರೆದುಕೊಂಡರು. ಮಗ ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನೂ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಾಲ್ಕು ದಿನದ ಮೇಲೆ ಗಂಜಿ ತೆಗೆದುಕೊಂಡು ವಾರ್ಡಿಗೆ ಹೋದೆ. ಅಜ್ಜಿ ನನ್ನ ಮುಖ ನೋಡಿ, "ಗಾಡಿ ಬಿಟ್ಟಿದ್ದು ನಿಮ್ಮ ಹುಡುಗ ಅಲ್ವೇನವ್ವ? ಯಜಮಾನ್ರು ಅಂತ ಬರ್ಕೊಂಡ್ರಂತೆ" ಎಂದಳು. ನಾನು ಗಂಜಿ ಲೋಟಕ್ಕೆ ಬಗ್ಗಿಸುತ್ತಿದ್ದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಆಕೆ ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿಕೊಂಡಳು, ಆದರೆ ಬುಟ್ಟಿ ಹೊತ್ತು ಬೀದಿಗೆ ಬರಲಿಲ್ಲ. ಮನೆಗೆಲಸಕ್ಕೆ ಹೋಗುತ್ತಿದ್ದ ಅವಳ ಮಗಳ ದುಡಿಮೆಯಲ್ಲಿ ಮತ್ತೊಂದು ಹೊಟ್ಟೆ ಸೇರಿಕೊಂಡಿತು. ಕೆಲವು ವರ್ಷ ಬದುಕಿದ್ದು ಹೋದಳು.

ಆ ರಾತ್ರಿಗಳಲ್ಲೊಂದು ದಿನ ಮಗ ಕೇಳಿದ: "ಅಮ್ಮ, ಅಪ್ಪ ಯಾಕೆ ಸುಳ್ಳು ಹೇಳಿದ್ರು?" ನಿನಗೋಸ್ಕರ ಎಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಈಗ ಹೇಳಿ, ನನ್ನ ಮಗ ತಾನೇ ಕಲಿತನೇ? ಇಲ್ಲ. ಅವನಿಗೆ ಎಲ್ಲವನ್ನೂ ಕಲಿಸಿದವರು ನಾವೇ. ಕಾಯಿದೆ ಇರುವುದು ಬೇರೆಯವರ ಮಕ್ಕಳಿಗೆ ಎನ್ನುವುದನ್ನು ಕೀ ಕೊಟ್ಟು ಕಲಿಸಿದೆವು. ಒಗ್ಗರಣೆ ಸೀಯುವುದು ರಸ್ತೆಯಲ್ಲಿ ನಡೆಯುವವರ ಜೀವಕ್ಕಿಂತ ದೊಡ್ಡದು ಎನ್ನುವುದನ್ನು ಅವಸರ ಮಾಡಿ ಕಲಿಸಿದೆವು. ತಪ್ಪಾದರೆ ದೊಡ್ಡವರು ಮುಚ್ಚಿಹಾಕುತ್ತಾರೆ ಎನ್ನುವುದನ್ನು ಠಾಣೆಯಲ್ಲಿ ಕಲಿಸಿದೆವು. ಕಲಿಸದೆ ಬಿಟ್ಟದ್ದು ಒಂದೇ, ಗಾಡಿ ಓಡಿಸುವುದು.

2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ದುಬಾರಿ ಕಾರು ಬೈಕಿಗೆ ಬಡಿದು ಇಬ್ಬರು ಯುವ ಇಂಜಿನಿಯರುಗಳು ಸತ್ತರು. 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಅವನಿಗೆ ಮೊದಲು ಜಾಮೀನು ಸಿಕ್ಕಿತೆಂದು ದೇಶವೇ ಸಿಟ್ಟಾಯಿತು. ಆಮೇಲೆ ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ವೈದ್ಯರ ಜೊತೆ ಹುಡುಗನ ತಾಯಿಯೂ ಬಂಧನಕ್ಕೊಳಗಾದರು. ನಮ್ಮ ಮಹಿಳಾ ಸಮಾಜದಲ್ಲಿ ಎಲ್ಲರೂ "ಎಂಥಾ ತಾಯಿ!" ಎಂದು ಬೈದರು. ನನಗೆ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ಅವರದು ದೊಡ್ಡ ಕಾರು, ನಮ್ಮದು ಸ್ಕೂಟರ್. ನಮ್ಮ ಅಜ್ಜಿ ಬದುಕಿಕೊಂಡಳು. ನಾವು ಮಾಡಿದ್ದೂ ಅದೇ ಜಾತಿಯ ಕೆಲಸವಲ್ಲವೇ?

ಕಾನೂನು ಏನು ಹೇಳುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ. ಈಗಲೂ ಬಹಳ ಮಂದಿ ತಾಯಂದಿರು "ಗೇರಿಲ್ಲದ ಗಾಡಿ ಹದಿನಾರಕ್ಕೇ ಓಡಿಸಬಹುದು" ಎಂದು ನಂಬಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಹದಿನಾರಕ್ಕೆ ಅವಕಾಶವಿರುವುದು ಇಂಜಿನ್ 50 ಸಿಸಿ ಮೀರದ ಗಾಡಿಗೆ ಮಾತ್ರ. ಅದಕ್ಕೂ ಲೈಸೆನ್ಸ್ ಬೇಕು. ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳೆಲ್ಲ 100, 110, 125 ಸಿಸಿಯವು. ಅವುಗಳಿಗೆ ಹದಿನೆಂಟು ತುಂಬಲೇಬೇಕು. ಗೇರ್ ಇದೆಯೋ ಇಲ್ಲವೋ ಎನ್ನುವುದರಿಂದ ಅದು ಬದಲಾಗುವುದಿಲ್ಲ.

2014ರಲ್ಲಿ, ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಮಾಲೀಕನಿಗೆ 1,000 ರೂಪಾಯಿ ತನಕ ದಂಡ ಅಥವಾ ಮೂರು ತಿಂಗಳ ತನಕ ಸಜೆ ಇತ್ತು. 2019ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಹದಿನೆಂಟರೊಳಗಿನ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ, ತಂದೆ-ತಾಯಿ ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಎಂದು 199-ಎ ಕಲಮು ಹೇಳುತ್ತದೆ. ಅವರಿಗೆ ಗೊತ್ತಿದ್ದೇ ಕೊಟ್ಟರು ಎಂದು ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ಸಾಬೀತು ಮಾಡಬೇಕಾದವರು ನಾವು. ಶಿಕ್ಷೆ ಮೂರು ವರ್ಷದ ತನಕ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ ಇಪ್ಪತ್ತೈದು ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ಕರ್ನಾಟಕದ ಊರುಗಳಲ್ಲೇ ನ್ಯಾಯಾಲಯಗಳು ಅಪ್ಪ-ಅಮ್ಮಂದಿರಿಗೆ 25,000 ರೂಪಾಯಿ ದಂಡ ಹಾಕಿದ ಸುದ್ದಿಯನ್ನು ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಇನ್ನೊಂದು ವಿಚಾರ ಹೆಂಗಸರು ಗಮನಿಸಬೇಕು. ನಮ್ಮಂಥ ಊರುಗಳಲ್ಲಿ ಬೈಕು ಗಂಡನ ಹೆಸರಿನಲ್ಲಿದ್ದರೆ ಸ್ಕೂಟರ್ ಎಷ್ಟೋ ಸಲ ಹೆಂಡತಿಯ ಹೆಸರಿನಲ್ಲಿರುತ್ತದೆ. ಆರ್‌ಸಿ ಪುಸ್ತಕದಲ್ಲಿ ನಮ್ಮ ಹೆಸರು ನೋಡಿ ಒಂದು ಹೆಮ್ಮೆ. ಆದರೆ ಸಮನ್ಸ್ ಬರುವುದೂ ಅದೇ ಹೆಸರಿಗೆ. ಅಪಘಾತವಾದರೆ, ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲವೆಂದು ವಿಮಾ ಕಂಪನಿ ಪರಿಹಾರದ ಹಣವನ್ನು ಮಾಲೀಕರಿಂದ ವಸೂಲು ಮಾಡಲು ಬರಬಹುದು. ಮನೆಯ ಆಸ್ತಿಯಲ್ಲಿ ನಮ್ಮ ಹೆಸರಿಲ್ಲದಿದ್ದರೂ ಈ ಜವಾಬ್ದಾರಿಯಲ್ಲಿ ನಮ್ಮ ಹೆಸರಿರುತ್ತದೆ, ನೋಡಿ!

ದಂಡದ ಮಾತು ಹೇಳಿದ್ದು ಹೆದರಿಸಲಿಕ್ಕಲ್ಲ. ದಂಡಕ್ಕೆ ಹೆದರಿ ಹದಿನೆಂಟು ತುಂಬುವ ತನಕ ಕಾಯುವವರು, ಹದಿನೆಂಟು ತುಂಬಿದ ಮಾರನೆಯ ದಿನ ಬೈಕಿನ ಶೋರೂಮಿನಲ್ಲಿ ನಿಂತಿರುತ್ತಾರೆ. ಹುಟ್ಟುಹಬ್ಬ ಬಂದ ಮಾತ್ರಕ್ಕೆ ಓಡಿಸುವ ವಿದ್ಯೆ ಬರುತ್ತದೆಯೇ? ಈ ಪ್ರಶ್ನೆ ನನಗೆ ಹೊಳೆದದ್ದು ನಲವತ್ತೈದನೇ ವಯಸ್ಸಿನಲ್ಲಿ, ನಾನೇ ಡ್ರೈವಿಂಗ್ ಸ್ಕೂಲಿಗೆ ಸೇರಿದಾಗ.

ಸೇರಿದ್ದು ಕಾರು ಕಲಿಯಲು. ಸ್ಕೂಟರಿಗೆ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರೆ ಅಲ್ಲಿದ್ದವರು ನಕ್ಕರು. "ಟೂ ವೀಲರಿಗೆ ಯಾರು ಮೇಡಂ ಕ್ಲಾಸಿಗೆ ಬರ್ತಾರೆ? ಕಾಗದಪತ್ರ ಮಾಡಿಸಿಕೊಡ್ತೀವಿ, ಟೆಸ್ಟಿನ ದಿನ ಎಂಟು ಹಾಕಿ ತೋರಿಸಿದ್ರೆ ಸಾಕು" ಎಂದರು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029 ಮಂದಿ. ಅತಿ ಹೆಚ್ಚು ಜನ ಸಾಯುವ ಗಾಡಿಗೆ ಪಾಠವೇ ಇಲ್ಲ!

ಕಾರಿನ ಪಾಠವಾದರೂ ಹೇಗಿತ್ತು? ಕಾರು ಕಲಿಸಲು ಕನಿಷ್ಠ 21 ದಿನದ ತರಬೇತಿ ಬೇಕು, 10 ಗಂಟೆಯಾದರೂ ಕಲಿಯುವವರೇ ಓಡಿಸಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬರೆದಿದೆ. ನನ್ನ ಪಾಲಿಗೆ ಬಂದದ್ದು ದಿನಕ್ಕೆ ಹದಿನೈದು ನಿಮಿಷ. ಅದರಲ್ಲೂ ನನಗೆ ಮುಂಚೆ ಕಲಿಯುತ್ತಿದ್ದವಳನ್ನು ಅವಳ ಮನೆಗೆ ಬಿಡುವ ಸಮಯವೂ ಸೇರಿತ್ತು. ಬ್ರೇಕು ಅವರ ಕಾಲಿನಲ್ಲಿ, ಕ್ಲಚ್ಚೂ ಅವರ ಕಾಲಿನಲ್ಲಿ. ನಾನು ಸ್ಟೇರಿಂಗ್ ಹಿಡಿದುಕೊಂಡು ದೇವರ ಪಲ್ಲಕ್ಕಿಯಲ್ಲಿ ಕೂತ ಹಾಗೆ ಕೂತಿರುತ್ತಿದ್ದೆ.

ನನ್ನ ಅದೃಷ್ಟಕ್ಕೆ ಕೊನೆಯ ವಾರ ಒಬ್ಬ ವಯಸ್ಸಾದ ಮೇಷ್ಟ್ರು ಬಂದರು, ಬಹಳ ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಗಾಡಿ ಪಕ್ಕಕ್ಕೆ ನಿಲ್ಲಿಸಿ ಪಾಠ ಹೇಳುತ್ತಿದ್ದರು. "ಅಮ್ಮಾ, 40ರಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ 11 ಮೀಟರ್ ಹೋಗ್ತೀರಿ. ಅಡ್ಡ ಬಂದಿದ್ದು ಕಣ್ಣಿಗೆ ಬಿದ್ದು, ಬ್ರೇಕ್ ಹಾಕ್ಬೇಕು ಅಂತ ತಲೆಗೆ ಹೊಳೆದು, ಕಾಲು ಒತ್ತೋಷ್ಟರಲ್ಲಿ ಆ ಒಂದು ಸೆಕೆಂಡು ಹೋಗಿರುತ್ತೆ. ಗಾಡಿ ನಿಲ್ಲೋಕೆ ಶುರು ಮಾಡೋದು ಆಮೇಲೆ" ಎಂದರು. 11 ಮೀಟರ್ ಅಂದರೆ ಮೂವತ್ತು-ನಲವತ್ತರ ಸೈಟಿನ ಉದ್ದಕ್ಕೆ ಹತ್ತಿರ. ವೇಗ ಎರಡು ಪಾಲಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ಜಾಗ ನಾಲ್ಕು ಪಾಲಾಗುತ್ತದೆ. 30ರಲ್ಲಿ ನಿಂತ ಹಾಗೆ 60ರಲ್ಲಿ ನಿಲ್ಲುವುದಿಲ್ಲ. ಮಳೆಯಲ್ಲಿ ಇನ್ನೂ ಹೆಚ್ಚು. ಸ್ಕೂಟರಿನ ಬಗ್ಗೆ ಕೇಳಿದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿಗೇ ಇರುತ್ತದೆ, ಹಿಂದಿನದನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ, ಎರಡನ್ನೂ ಹದವಾಗಿ ಒಟ್ಟಿಗೆ ಹಿಡಿಯಬೇಕು ಎಂದರು.

ನನಗೆ ಅಲ್ಲೇ ಅಳು ಬಂತು. ಮೇಷ್ಟ್ರು ಗಾಬರಿಯಾದರು. ಅವರು ಹೇಳಿಕೊಟ್ಟದ್ದು ಐದು ನಿಮಿಷದ ಪಾಠ. ಮೈದಾನದಲ್ಲಿ ಹತ್ತು ಸಲ ಮಾಡಿಸಿದ್ದರೆ ನನ್ನ ಮಗನ ಕೈಗೆ ಅದು ಬಂದಿರುತ್ತಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಆದರೆ ಪಾಠವೊಂದೇ ಸಾಲದು. ಹದಿಹರೆಯದ ಮಿದುಳಿನಲ್ಲಿ ಮುಂದಾಲೋಚನೆ ಮಾಡುವ, ಆಸೆಗೆ ಕಡಿವಾಣ ಹಾಕುವ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷ ಕಳೆದ ಮೇಲೆ ಎಂದು ವೈದ್ಯರು ಹೇಳುತ್ತಾರೆ. ಹಿಂದೆ ಗೆಳೆಯ ಕೂತರೆ ಹುಡುಗ ಇನ್ನೂ ಹುಂಬನಾಗುತ್ತಾನೆ. ಇದನ್ನು ಅರಿತೇ ನ್ಯೂಜಿಲೆಂಡಿನವರು 1987ರಲ್ಲಿ ಲೈಸೆನ್ಸನ್ನು ಹಂತ ಹಂತವಾಗಿ ಕೊಡುವ ಪದ್ಧತಿ ತಂದರು. ಮೊದಲು ಪಕ್ಕದಲ್ಲಿ ದೊಡ್ಡವರಿದ್ದು ಅಭ್ಯಾಸ. ಆಮೇಲೆ ಒಬ್ಬನೇ ಓಡಿಸಬಹುದು, ಆದರೆ ರಾತ್ರಿ ಬೇಡ, ಗೆಳೆಯರನ್ನು ಹತ್ತಿಸಿಕೊಳ್ಳುವುದು ಬೇಡ. ಇವೆಲ್ಲ ದಾಟಿದ ಮೇಲೆ ಪೂರ್ತಿ ಲೈಸೆನ್ಸ್. ಅಮೆರಿಕದ ರಾಜ್ಯಗಳೂ 1990ರ ದಶಕದಿಂದ ಇದನ್ನು ಅನುಸರಿಸಿದವು. ಚಿಕ್ಕ ವಯಸ್ಸಿನ ಚಾಲಕರ ಅಪಘಾತಗಳು ಅಲ್ಲಿ ಕಡಿಮೆಯಾದವು.

ನಮ್ಮ ಕಾಯಿದೆಯಲ್ಲೂ ಇದರ ಬೀಜವಿದೆ, ನಾವು ಬಿತ್ತಲಿಲ್ಲ ಅಷ್ಟೇ. ಎಲ್‌ಎಲ್‌ಆರ್ ಬಂದ ಮೇಲೆ 30 ದಿನ ಕಳೆಯದೆ ಪೂರ್ತಿ ಲೈಸೆನ್ಸಿನ ಪರೀಕ್ಷೆ ಇಲ್ಲ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಆ ಅವಧಿಯಲ್ಲಿ ಗಾಡಿಗೆ ಎಲ್ ಬೋರ್ಡು ಇರಬೇಕು, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಆ 30 ದಿನ ಕಲಿಯಲಿ ಎಂದು ಕೊಟ್ಟದ್ದು. ನಾವು ಅದನ್ನು ಕಾಯುವ ದಿನ ಎಂದುಕೊಂಡಿದ್ದೇವೆ, ರೇಷನ್ ಕಾರ್ಡಿಗೆ ಕಾದ ಹಾಗೆ.

ಇಷ್ಟು ಹೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. "ಬೆಳಿಗ್ಗೆ ಐದೂವರೆಗೆ ಟ್ಯೂಷನ್, ಆ ಹೊತ್ತಿಗೆ ಬಸ್ಸಿಲ್ಲ, ಏನು ಮಾಡೋದು?" ನಿಜವಾದ ಕಷ್ಟವೇ. ಆದರೆ ಆ ಹೊತ್ತಿಗೆ ಟ್ಯೂಷನ್ ಇಟ್ಟವರಿಗೆ ನಾವು ಒಂದು ಮಾತು ಹೇಳಿದ್ದೇವೆಯೇ? ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತು ಮಾಡಿದ್ದೇವೆಯೇ? ಸೈಕಲ್ ಏನಾಯಿತು? 2006-07ರಿಂದ ಸುಮಾರು ವರ್ಷ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತ್ತು. ಹಳ್ಳಿಯ ಹೆಣ್ಣುಮಕ್ಕಳು ಮೈಲಿಗಟ್ಟಲೆ ತುಳಿದು ಶಾಲೆಗೆ ಹೋದರು. ನಮ್ಮ ಪೇಟೆಯ ಹುಡುಗನಿಗೆ ಎರಡು ಕಿಲೋಮೀಟರ್ ತುಳಿದರೆ ಮರ್ಯಾದೆ ಹೋಗುತ್ತದೆಯೇ?

"ಎಲ್ಲರ ಮಕ್ಕಳೂ ಓಡಿಸ್ತಾರೆ, ನಮ್ಮವನೊಬ್ಬನಿಗೆ ಬೇಡ ಅಂದ್ರೆ ಹೇಗೆ?" ಎಲ್ಲರ ಮನೆಯಲ್ಲೂ ಇದೇ ಮಾತು. ಮೊದಲು ಬೇಡವೆನ್ನುವವರು ಯಾರಾದರೂ ಬೇಕು. "ಕಾಲೇಜಿನವರು ಸುಮ್ಮನಿದ್ದಾರಲ್ಲ?" ಕಾಲೇಜಿನವರು ಗೇಟಿನಲ್ಲಿ ವಿದ್ಯಾರ್ಥಿಗಳ ವಾಹನಕ್ಕೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿ ಕೈ ತೊಳೆದುಕೊಂಡಿದ್ದಾರೆ. ಹುಡುಗರು ಎರಡು ಬೀದಿ ಆಚೆ ಯಾರದೋ ಮನೆಯ ಕಾಂಪೌಂಡಿಗೆ ಒರಗಿಸಿ ಬರುತ್ತಾರೆ. ಬೋರ್ಡು ಬರೆಸುವ ಬದಲು ವರ್ಷಕ್ಕೆ ನಾಲ್ಕು ದಿನ ರಸ್ತೆಯ ಪಾಠ ಮಾಡಿಸಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಬೇರೆಯವರು ಮಾಡುವ ತನಕ ಕಾಯುವುದು ಬೇಡ. ನಮ್ಮ ಮನೆಯೊಳಗೆ ಆಗುವುದನ್ನು ಮಾಡೋಣ. ಹದಿನೆಂಟರೊಳಗೆ ಕೀ ಮುಟ್ಟುವಂತಿಲ್ಲ, ಅಜ್ಜನ ಔಷಧಿಗಾದರೂ ಸರಿ. ಕೀ ಟಿವಿಯ ಮೇಲೆ, ಫ್ರಿಡ್ಜಿನ ಮೇಲೆ ಬಿದ್ದಿರಬಾರದು, ಬೀರುವಿನೊಳಗಿರಲಿ. ಹದಿನೆಂಟಾದ ಮೇಲೆ ಎಲ್‌ಎಲ್‌ಆರ್ ಮಾಡಿಸಿ, ಲೈಸೆನ್ಸ್ ಇರುವ ದೊಡ್ಡವರೊಬ್ಬರು ಮಗನಿಗೂ ಮಗಳಿಗೂ ಒಂದೇ ರೀತಿ ದಿನಾ ಅರ್ಧ ಗಂಟೆ ಕಲಿಸಲಿ. ಬ್ರೇಕ್ ಹಿಡಿದು ನಿಲ್ಲಿಸುವುದು, ಕನ್ನಡಿ ನೋಡುವುದು, ತಿರುಗುವ ಮುಂಚೆ ದೀಪ ಹಾಕುವುದು, ಶಾಲೆಯ ಮುಂದೆ ನಿಧಾನಿಸುವುದು, ಮಳೆಯಲ್ಲಿ ಓಡಿಸುವುದು, ಕತ್ತಲಲ್ಲಿ ಓಡಿಸುವುದು, ಇವೆಲ್ಲ ಬೇರೆ ಬೇರೆ ಪಾಠ. ಲೈಸೆನ್ಸ್ ಬಂದ ಮೇಲೂ ಆರು ತಿಂಗಳು ಹಿಂದೆ ಗೆಳೆಯರು ಬೇಡ, ರಾತ್ರಿ ಹೊತ್ತು ಬೇಡ. ಹೆಲ್ಮೆಟ್ಟು ಐಎಸ್‌ಐ ಗುರುತಿನದಾಗಿರಲಿ, ಪಟ್ಟಿ ಬಿಗಿದಿರಲಿ. ಪೊಲೀಸರನ್ನು ಕಂಡಾಗ ತಲೆಗೇರಿ ಆಮೇಲೆ ಮೊಣಕೈಗೆ ಇಳಿಯುವ ಹೆಲ್ಮೆಟ್ಟಿನಿಂದ ಮೊಣಕೈಗೆ ಮಾತ್ರ ರಕ್ಷಣೆ.

ನಾವೂ ಸ್ವಲ್ಪ ನೆಟ್ಟಗಾಗಬೇಕು. ಸೆರಗನ್ನೋ ದುಪಟ್ಟವನ್ನೋ ತಲೆಗೆ ಸುತ್ತಿ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಿಸುವ ತಾಯಿ, ಸುತ್ತಿ ಬರುವುದು ದೂರವೆಂದು ಒನ್ ವೇಯಲ್ಲಿ ನುಗ್ಗುವ ತಾಯಿ, ಇಬ್ಬರು ಮಕ್ಕಳನ್ನು ಹಿಂದೆ ಒಬ್ಬನನ್ನು ಮುಂದೆ ನಿಲ್ಲಿಸಿಕೊಂಡು ಹೊರಡುವ ತಾಯಿ, ಮಗನಿಗೆ ಏನು ಹೇಳಬಲ್ಲಳು? ಮಕ್ಕಳು ನಾವು ಹೇಳಿದ್ದನ್ನು ಮರೆಯಬಹುದು, ನಾವು ಮಾಡಿದ್ದನ್ನು ಮರೆಯುವುದಿಲ್ಲ. ಮತ್ತು ಎಷ್ಟೇ ಎಚ್ಚರ ವಹಿಸಿದರೂ ಏನಾದರೂ ಆಗಿಯೇ ಬಿಟ್ಟರೆ, ದಯವಿಟ್ಟು ಸುಳ್ಳು ಹೇಳಬೇಡಿ. ಬಿದ್ದವರನ್ನು ಎತ್ತಿ, ಆದದ್ದನ್ನು ಆದ ಹಾಗೆ ಹೇಳಿ. ಸುಳ್ಳು ಹೇಳಿ ಮಗನನ್ನು ಉಳಿಸಿದೆವು ಎಂದುಕೊಂಡಿದ್ದೆವು. ವರ್ಷಗಟ್ಟಲೆ ಅವನು ಹೂವು ಮಾರುವವರು ಬಂದರೆ ಒಳಕೋಣೆಗೆ ಹೋಗುತ್ತಿದ್ದ.

ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಗಾಡಿ ಕಲಿಯಬೇಕೆಂದಿದ್ದ ತಂಗಿಗೆ ಎರಡು ವರ್ಷದ ಹಿಂದೆ ಅವನೇ ಕಲಿಸಿದ. ಎಲ್‌ಎಲ್‌ಆರ್ ಆದ ಮೇಲೆ, ಎಲ್ ಬೋರ್ಡು ಹಾಕಿ, ಖಾಲಿ ಮೈದಾನದಲ್ಲಿ. ಮೊದಲನೇ ದಿನ ಪೂರ್ತಿ ಅವಳಿಗೆ ಹೇಳಿಕೊಟ್ಟದ್ದು ಒಂದೇ, ಎರಡೂ ಬ್ರೇಕ್ ಹಿಡಿದು ನಿಲ್ಲಿಸುವುದು. ಅವಳು ಬೇಜಾರಾಗಿ ಮನೆಗೆ ಬಂದು ದೂರು ಹೇಳಿದಳು. ನಾನು ಏನೂ ಹೇಳದೆ ಕಾಫಿ ಮಾಡಿಕೊಟ್ಟೆ.

ಗೃಹಪ್ರವೇಶದಲ್ಲಿ ಸಿಕ್ಕ ಆ ತಾಯಿಯ ಮನೆ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ. ಈ ಬರಹ ಅಚ್ಚಾಗುವ ತನಕ ಕಾಯದೆ ಒಂದು ದಿನ ಹೋಗಿ ಹೇಳಿಬಿಡಬೇಕೆಂದಿದ್ದೇನೆ. ಅಜ್ಜಿಯ ಮುಂದೆ ಒಮ್ಮೆ ಬಾಯಿ ಮುಚ್ಚಿಕೊಂಡದ್ದು ಸಾಕು. ನಮ್ಮ ಮನೆಯಲ್ಲಂತೂ ಆ ವರ್ಷದಿಂದ ಒಂದು ಪದ್ಧತಿ ಬಂದಿದೆ. ಕೊತ್ತಂಬರಿ ಇದ್ದರೆ ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ. ಕೊತ್ತಂಬರಿ ಇಲ್ಲದ ಸಾರನ್ನು ಉಂಡು ಇದುವರೆಗೆ ಯಾರಿಗೂ ಏನೂ ಆಗಿಲ್ಲ.